ಒಂದು ಕಲ್ಲು, ಟೀಚರ್

ಮಾರ್ಚ್ 5, ಮಂಗಳವಾರ

ನಿನ್ನೆ ನಾವು ಇರುವೆ ಎಂದು ಕರೆಯುವ ಹುಡುಗಿ ಅಂಗಳದ ಮರದಿಂದ ಬಿದ್ದಳು. ಬಲಗೈ ಮುರಿದಿದೆ, ಮೊಣಕೈಗಿಂತ ಸ್ವಲ್ಪ ಕೆಳಗೆ. ಆರು ವಾರ ಪ್ಲಾಸ್ಟರ್. "ಎಳೆ ಮೂಳೆ, ಬೇಗ ಕೂಡಿಕೊಳ್ಳುತ್ತೆ" ಎಂದು ಡಾಕ್ಟರು ಹೇಳಿದರಂತೆ.

ಬೆಳಿಗ್ಗೆ ಎಂಟಕ್ಕೆಲ್ಲ ಹೆಡ್ ಮೇಡಂ ತಮ್ಮ ಕೋಣೆಗೆ ಕರೆದರು. ಅವರ ಫೋನು ಮೇಜಿನ ಮೇಲೆ ಒಂದೇ ಸಮನೆ ಗುರುಗುಡುತ್ತಿತ್ತು. ನಮ್ಮ ಶಿಶುವಿಹಾರದ ಪೋಷಕರ ಗುಂಪಿನಲ್ಲಿ ನಿನ್ನೆಯಿಂದ ನೂರ ನಲವತ್ತು ಸಂದೇಶ ಬಂದಿವೆಯಂತೆ. ಎಲ್ಲಕ್ಕಿಂತ ಉದ್ದದ್ದನ್ನು ಬರೆದವರ ಮಗ ನೆಗಡಿ ಎಂದು ಹದಿನೈದು ದಿನದಿಂದ ಶಾಲೆಗೇ ಬಂದಿಲ್ಲ. ಇರುವೆಯ ಅಪ್ಪ ಅಮ್ಮನಿಂದ ಒಂದು ಸಾಲೂ ಇಲ್ಲ.

"ಹದಿನೈದನೇ ತಾರೀಕು ಆಡಳಿತ ಸಮಿತಿ ಸಭೆ. ಹೊರಗಿನ ತರಗತಿ ಇರಬೇಕಾ ಬೇಡ್ವಾ, ಮರ ಇರಬೇಕಾ ಬೇಡ್ವಾ, ತಪ್ಪು ಯಾರದು, ಎಲ್ಲಾ ಅವತ್ತೇ ತೀರ್ಮಾನ. ಅಲ್ಲೀವರೆಗೂ ಅಂಗಳಕ್ಕೆ ಬೀಗ" ಎಂದರು.

"ಮಕ್ಕಳು ಎಲ್ಲಿ ಆಡಬೇಕು?"

"ಒಳಗೆ ಆಡಲಿ. ಚಿತ್ರಕ್ಕೆ ಬಣ್ಣ ತುಂಬಲಿ. ನನ್ನ ಕೈ ಕಟ್ಟಿಹಾಕಿದ್ದಾರೆ ಟೀಚರ್, ಅರ್ಥ ಮಾಡ್ಕೊಳ್ಳಿ."

ಹತ್ತೊಂಬತ್ತು ವರ್ಷದ ಹಿಂದೆ ಆ ಅಂಗಳ ಮುರಿದ ಬೆಂಚುಗಳನ್ನು ಎಸೆಯುವ ತಿಪ್ಪೆಯಾಗಿತ್ತು. ಮಧ್ಯದಲ್ಲಿ ಈ ಹಿಪ್ಪುನೇರಳೆ ಮರ. ಬೆಂಚು ಹೊರಗೆ ಹೊತ್ತವಳು ನಾನು, ಜೊತೆಗೆ ದೊಡ್ಡಮ್ಮ. ದೊಡ್ಡಮ್ಮ ನಮ್ಮ ಆಯಾ, ಮಕ್ಕಳಿಗೂ ನಮಗೂ ಅವಳು ದೊಡ್ಡಮ್ಮನೇ. ಮಣ್ಣಿನ ಅಡಿಗೆಮನೆ, ಹಲಗೆ, ಟೈರು, ಹಗ್ಗ, ನಿಜವಾದ ಮೊಳೆ ಮತ್ತು ನಿಜವಾದ ಸುತ್ತಿಗೆ ಇಟ್ಟ ಸುತ್ತಿಗೆ ಮೂಲೆ, ಎಲ್ಲವನ್ನೂ ನಾವಿಬ್ಬರೇ ಜೋಡಿಸಿದೆವು. ಈಗ ನನ್ನ ಕೈ ಕಟ್ಟಿಲ್ಲ, ಅಂಗಳಕ್ಕೆ ಮಾತ್ರ ಬೀಗ.

ಸಮಿತಿಯಲ್ಲಿ ನನಗೆ ಹತ್ತು ನಿಮಿಷ ಕೊಡುತ್ತಾರಂತೆ. ನನಗೆ ಸಿಟ್ಟು ಮೊದಲು ಬರುತ್ತದೆ, ಮಾತು ಆಮೇಲೆ. ಅದಕ್ಕೇ ಹೇಳಬೇಕಾದ್ದನ್ನೆಲ್ಲ ಈ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದು ತಿದ್ದಿಕೊಳ್ಳುತ್ತೇನೆ. ಇದು ಯಾರಿಗೂ ತೋರಿಸುವುದಲ್ಲ.

ಮಾರ್ಚ್ 6, ಬುಧವಾರ

ಮಕ್ಕಳು ಬೆಳಿಗ್ಗೆಯಿಂದ ಕಿಟಕಿಗೆ ಮೂಗು ಒತ್ತಿ ನಿಂತಿದ್ದರು. ಗಾಜಿನ ಮೇಲೆ ಸಾಲಾಗಿ ಹದಿನೆಂಟು ಮೂಗಿನ ಗುರುತು. ಒಳಗೆ ಕೂಡಿಹಾಕಿದ ಮೊದಲ ದಿನವೇ ಎರಡು ಕಚ್ಚಾಟ, ಒಂದು ಜುಟ್ಟು ಹಿಡಿದಾಟ. ಒಬ್ಬ ಮೇಜಿನ ಮೂಲೆಗೆ ತಲೆ ಗುದ್ದಿಕೊಂಡು ನಿಂಬೆಹಣ್ಣಿನಷ್ಟು ಬುಗುಟೆ ಎಬ್ಬಿಸಿಕೊಂಡ. ಮೇಜಿನ ವಿಚಾರಣೆಗೆ ಯಾವ ಸಮಿತಿಯೂ ಕೂರುವುದಿಲ್ಲ.

ಸಮಿತಿಗೆ ಹೇಳಬೇಕಾದ್ದು: ನನ್ನ ಅಂಗಳದಲ್ಲಿ ಇರುವುದು ಎರಡೇ ಕಾನೂನು. ಎರಡೂ ದೊಡ್ಡವರಿಗೆ.

ಒಂದು, ಯಾವ ಮಗುವನ್ನೂ ಎತ್ತಿ ಹತ್ತಿಸುವಂತಿಲ್ಲ. ಅತ್ತರೂ ಇಲ್ಲ, ಗೋಗರೆದರೂ ಇಲ್ಲ. ತಾನೇ ಹತ್ತಿದ ಮಗುವಿನ ಕೈಕಾಲಿಗೆ ಇಳಿಯುವ ದಾರಿಯೂ ಗೊತ್ತಿರುತ್ತದೆ. ಎತ್ತಿ ಕೂರಿಸಿದ ಮಗುವಿಗೆ ತಾನು ಎಲ್ಲಿದ್ದೇನೆ ಎನ್ನುವುದೇ ತಿಳಿಯುವುದಿಲ್ಲ. ನಮ್ಮ ಮರದ ಮೊದಲ ಕವಲು ನನ್ನ ಸೊಂಟದ ಎತ್ತರಕ್ಕಿದೆ, ಅಲ್ಲಿಗೆ ಮೂರು ವರ್ಷದವರೂ ಹೋಗುತ್ತಾರೆ. ಎರಡನೆಯ ಕವಲು ನನ್ನ ನೆತ್ತಿಯ ಎತ್ತರಕ್ಕೆ. ಅಲ್ಲಿಗೆ ಹೋಗಲು ನಡುವಿನ ಗಂಟಿಗೆ ಕಾಲು ಎಟುಕಬೇಕು. ಎಟುಕದವರು ಕೆಳಗಿರುತ್ತಾರೆ. ಅವರನ್ನು ತಡೆಯಲು ನಾವು ಬೇಕಿಲ್ಲ, ಮರವೇ ತಡೆಯುತ್ತದೆ.

ಎರಡು, 'ಹುಷಾರು' ಎನ್ನುವಂತಿಲ್ಲ. ಆ ಕೂಗು ಕೇಳಿದ ಮಗು ಕೊಂಬೆ ನೋಡುವುದನ್ನು ಬಿಟ್ಟು ಕೂಗಿದವರ ಮುಖ ನೋಡುತ್ತದೆ, ಬೀಳುವುದು ಆಗಲೇ. ಬೇಕಿದ್ದರೆ "ನಿನ್ನ ಎಡಗಾಲು ಎಲ್ಲಿದೆ?" ಎಂದು ಕೇಳಿ, "ಮುಂದಿನ ಕೈ ಎಲ್ಲಿಡ್ತೀಯ?" ಎಂದು ಕೇಳಿ. ದೊಡ್ಡವರು ಯಾರಾದರೂ ಬಾಯಿ ತಪ್ಪಿ ಆ ಮಾತು ಆಡಿದರೆ, ಕೇಳಿಸಿಕೊಂಡ ಮಗು ನೆಲದಿಂದ ಒಂದು ಕಲ್ಲು ಹೆಕ್ಕಿ ಅವರ ಕೈಗಿಡುತ್ತದೆ. "ಒಂದು ಕಲ್ಲು, ಟೀಚರ್." ಅದನ್ನು ಸಂಜೆಯವರೆಗೆ ಏಪ್ರನ್ ಜೇಬಿನಲ್ಲಿ ಹೊತ್ತು ತಿರುಗಿ, ಹೋಗುವಾಗ ಮರಕ್ಕೆ ನೇತುಹಾಕಿದ ತಗಡಿನ ಡಬ್ಬಿಗೆ ಹಾಕಬೇಕು. ಹೆಡ್ ಮೇಡಂ ಮೊದಲು ನನ್ನ ಕೈಕೆಳಗೆ ಕಲಿಯಲು ಬಂದವರು. ಆ ಮೊದಲ ವಾರ ಅವರ ಏಪ್ರನ್ನಿನ ಜೇಬೇ ಹರಿದುಹೋಗಿತ್ತು. ದೊಡ್ಡಮ್ಮನವು ಒಂದು ಬೊಗಸೆಯಷ್ಟಿವೆ. ಹತ್ತೊಂಬತ್ತು ವರ್ಷದಲ್ಲಿ ನನ್ನದು ಒಂದು ಕಲ್ಲೂ ಆ ಡಬ್ಬಿಯಲ್ಲಿಲ್ಲ.

ಇದನ್ನು ಕೊಚ್ಚಿಕೊಂಡಂತೆ ಕೇಳಿಸದ ಹಾಗೆ ಹೇಳಬೇಕು.

ಮಾರ್ಚ್ 8, ಶುಕ್ರವಾರ

ಇರುವೆಯ ಅಪ್ಪ ಅವಳ ಚೀಲ, ಬೂಟು ಒಯ್ಯಲು ಬಂದಿದ್ದರು. ಲೈನ್‌ಮ್ಯಾನ್ ಕೆಲಸ. ಸೊಂಟದಲ್ಲಿ ಕಂಬ ಹತ್ತುವ ಬೆಲ್ಟು ಹಾಗೇ ಇತ್ತು. ಜಗಳವಾಡಲು ಬಂದಿದ್ದಾರೆ ಎಂದು ಹೆಡ್ ಮೇಡಂ ಒಳಗಿನಿಂದ ಚಿಲಕ ಹಾಕಿಕೊಂಡರು. ಎದುರು ನಿಲ್ಲಬೇಕಾದವಳು ನಾನು.

"ಹೇಗಿದ್ದಾಳೆ?" ಎಂದೆ.

"ಆರಾಮಾಗಿದ್ದಾಳೆ. ಪ್ಲಾಸ್ಟರ್ ಮೇಲೆ ಇರುವೆ ಚಿತ್ರ ಬರೆಸ್ಕೊಂಡಿದ್ದಾಳೆ, ನಿಮಗೆ ತೋರಿಸ್ಬೇಕಂತೆ. ಆ ಹೆಸರು ಇಟ್ಟೋರು ನೀವೇ ಅಲ್ವಾ?"

ಹೌದು, ನಾನೇ. ಸೇರಿದ ದಿನವೇ ಗೋಡೆ, ಬೆಂಚು, ಕೊನೆಗೆ ನನ್ನ ಬೆನ್ನು, ಕಂಡದ್ದನ್ನೆಲ್ಲ ಹತ್ತಿದವಳು ಅವಳು.

ಅವರು ಅಂಗಳದ ಗೇಟಿನ ಸರಳು ಹಿಡಿದು ಮರವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಸುಬಿನವರ ನೋಟ.

"ತಪ್ಪು ತಿಳ್ಕೋಬೇಡಿ ಟೀಚರ್. ನಾನು ದಿನಾ ಕಂಬ ಹತ್ತೋನು. ತಾನೇ ಕಾಲಿಟ್ಟು ಹೋದ ಜಾಗದಿಂದ ಸುಮ್‌ಸುಮ್ನೆ ಯಾರೂ ಬೀಳಲ್ಲ. ಆ ಎರಡನೇ ಕವಲಿಗೆ ಇನ್ನೂ ಕಾಲು ಎಟುಕಲ್ಲ ಅಂತ ಭಾನುವಾರ ಕೂಡ ನನ್ನ ತಲೆ ತಿಂದಿದ್ಲು. ಸೋಮವಾರ ಹೇಗೆ ಎಟುಕ್ತು?"

"ಮಕ್ಕಳು ಬೇಗ ಬೇಗ ಬೆಳೀತಾರೆ" ಎಂದೆ.

"ಒಂದೇ ರಾತ್ರೀಲಾ?"

"ಅವಳೇನು ಹೇಳ್ತಾಳೆ?"

"ಏನು ಕೇಳಿದ್ರೂ 'ಬಿದ್ದೆ' ಅಂತಾಳೆ, ಅಷ್ಟೇ. ಇರ್ಲಿ ಬಿಡಿ. ಸಮಿತಿಗೆ ಒಂದು ಕಾಗದ ಬರೀತಿದ್ದೀನಿ, ಮರ ಕಡೀಬೇಡಿ ಅಂತ. ಕೈ ವಾಸಿಯಾದ ಮೇಲೆ ಅವಳು ಅದೇ ಮರ ಹತ್ತಬೇಕು. ಇಲ್ದಿದ್ರೆ ಭಯ ಮನಸ್ಸಲ್ಲಿ ಕೂತ್ಬಿಡುತ್ತೆ. ನಮ್ಮ ಕೆಲಸದಲ್ಲೂ ಅಷ್ಟೇ, ಬಿದ್ದೋರನ್ನ ಬೇಗ ಹತ್ತಿಸ್ಬೇಕು."

ಕೂಗಾಡುತ್ತಿರುವವರ ಮಕ್ಕಳಿಗೆ ಏನೂ ಆಗಿಲ್ಲ. ಕೂಗಾಡುವ ಹಕ್ಕಿರುವ ಒಬ್ಬನೇ ಮನುಷ್ಯ ಮರದ ಪರ ನಿಂತಿದ್ದಾನೆ. ಹಿಗ್ಗಬೇಕಿತ್ತು. ಮಧ್ಯಾಹ್ನದ ಬುತ್ತಿ ಬಿಚ್ಚದೆ ಮನೆಗೆ ವಾಪಸು ತಂದೆ.

ಮಾರ್ಚ್ 10, ಭಾನುವಾರ

ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ. ಈ ಪುಸ್ತಕದ ಹತ್ತಿರವೂ ಕಳ್ಳಾಟ ಆಡಿದರೆ ಇನ್ನು ನನ್ನ ಹತ್ತಿರ ಉಳಿಯುವುದೇನು?

ಸೋಮವಾರ ಫೋಟೊಗ್ರಾಫರ್ ಬಂದಿದ್ದ. ಹೊಸ ವರ್ಷದ ದಾಖಲಾತಿಗೆ ಕರಪತ್ರ ಮಾಡಿಸುತ್ತಿದ್ದರು, ಮುಖಪುಟಕ್ಕೆ ನಮ್ಮ ಅಂಗಳದ ಚಿತ್ರ. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಬೆಳಿಗ್ಗೆ ಏಪ್ರನ್ ಇಸ್ತ್ರಿ ಮಾಡಿಕೊಂಡು ಹೋಗಿದ್ದೆ. ಇಷ್ಟು ವರ್ಷ 'ಕೆಸರಿನ ಟೀಚರ್' ಎಂದು ಮೂಗು ಮುರಿದವರೆಲ್ಲ ಇನ್ನು ನೋಡಲಿ ಎಂದುಕೊಂಡಿದ್ದೆ.

ಮಕ್ಕಳ ಮುಖವೆಲ್ಲ ಹಣ್ಣು ತಿಂದು ನೇರಳೆ ಬಣ್ಣವಾಗಿತ್ತು. ಆ ಹೊತ್ತಿಗೆ ಮರದ ಕೆಳಗೆ ಇರಬೇಕಾದವಳು ದೊಡ್ಡಮ್ಮ. "ಒದ್ದೆ ಬಟ್ಟೆ ತಗೊಂಡು ಬಾ, ಮುಖ ಒರೆಸ್ಬೇಕು" ಎಂದು ನಾನೇ ಅವಳನ್ನು ಒಳಗೆ ಕಳಿಸಿದೆ. ಇರುವೆ ಮೊದಲ ಕವಲಿನಲ್ಲಿ ಕೂತಿದ್ದಳು.

"ಮುಖಕ್ಕೆ ಎಲೆ ನೆರಳು ಬೀಳ್ತಿದೆ ಮೇಡಂ. ಇನ್ನೊಂಚೂರು ಮೇಲಕ್ಕೆ ಹೋಗೋಕಾಗುತ್ತಾ?" ಎಂದ ಫೋಟೊಗ್ರಾಫರ್.

ಇರುವೆ ನನ್ನನ್ನು ನೋಡಿ ತಲೆಯಾಡಿಸಿದಳು. "ನಂಗಿನ್ನೂ ಅಲ್ಲಿಗೆ ಬರಲ್ಲ ಟೀಚರ್."

ನಾನು ಅವಳ ಕಂಕುಳಿಗೆ ಕೈ ಹಾಕಿ ಎತ್ತಿ ಎರಡನೆಯ ಕವಲಿನಲ್ಲಿ ಕೂರಿಸಿದೆ.

"ಮೇಡಂ, ನಿಮ್ಮ ಕೈ ಬರ್ತಿದೆ, ಸ್ವಲ್ಪ ಪಕ್ಕಕ್ಕೆ" ಎಂದ. ಕೈ ತೆಗೆದು ಪಕ್ಕಕ್ಕೆ ಸರಿದೆ. ಅವನು ಮೂರು ಸಲ ಕ್ಲಿಕ್ಕಿಸಿದ. ಅವಳು ನಕ್ಕಳು, ನನಗಾಗಿ. ಆಮೇಲೆ ಇಳಿಯಲು ಕಾಲು ಚಾಚಿ ಗಂಟು ಹುಡುಕಿದಳು. ಎಟುಕಲಿಲ್ಲ.

ಬಿದ್ದ ಸದ್ದು ದೊಡ್ಡದೇನಲ್ಲ. ತಿರುಗಿ ನೋಡಿದರೆ ದೊಡ್ಡಮ್ಮ ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಎತ್ತಿದ್ದನ್ನು ನೋಡಿದ್ದಾಳೆ, ಅವಳ ಮುಖದಲ್ಲೇ ಗೊತ್ತಾಗುತ್ತದೆ.

ಫೋಟೊಗ್ರಾಫರ್ ಸಂಜೆ ಫೋನ್ ಮಾಡಿದ್ದ. "ನಾನೇನೂ ನೋಡಿಲ್ಲ ಮೇಡಂ, ನನ್ನನ್ನ ಇದಕ್ಕೆಲ್ಲ ಎಳೀಬೇಡಿ. ನಿಮ್ಮ ಕೈ ಬಂದಿರೋ ಫೋಟೊ ಎಲ್ಲಾ ಅಳಿಸ್ಬಿಟ್ಟಿದ್ದೀನಿ." ಕೇಳದೆಯೇ ಮಾಡಿದ ಉಪಕಾರ. ಥ್ಯಾಂಕ್ಸ್ ಹೇಳಿದೆ. ಥ್ಯಾಂಕ್ಸ್ ಹೇಳಿದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಮಾರ್ಚ್ 12, ಮಂಗಳವಾರ

ದೊಡ್ಡಮ್ಮನಿಗೆ ನೋಟಿಸು ಬಂದಿದೆ. ಪಾಳಿಯ ಪಟ್ಟಿಯಲ್ಲಿ 'ಸೋಮವಾರ, ಹತ್ತೂವರೆ, ಮರದ ಕೆಳಗೆ: ದೊಡ್ಡಮ್ಮ' ಎಂದಿದೆ. ಬರೆದಿರುವುದು ನನ್ನದೇ ದುಂಡು ಅಕ್ಷರದಲ್ಲಿ.

ಮಕ್ಕಳು ಮಲಗಿದ್ದ ಹೊತ್ತಿನಲ್ಲಿ ಅವಳು ಅದನ್ನು ಹಿಡಿದುಕೊಂಡು ಬಂದಳು. "ಕನ್ನಡಕ ಮನೇಲಿ ಬಿಟ್ಟುಬಂದೆ. ಒಂಚೂರು ಓದಿ ಟೀಚರೇ."

ಓದಿದೆ. ಕರ್ತವ್ಯಲೋಪ ಎಂಬ ಪದ ಮೂರು ಕಡೆ ಇತ್ತು.

"ಹಂಗಂದ್ರೇನು?"

"ಇರಬೇಕಾದ ಕಡೆ ನೀನು ಇರಲಿಲ್ಲ ಅಂತ."

"ಅದು ನಿಜ ತಾನೆ, ಇರ್ಲಿಲ್ಲ." ಮಡಚಿದ್ದ ಟವೆಲನ್ನೇ ಮತ್ತೆ ಬಿಚ್ಚಿ ಮಡಚಿದಳು. "ಸಭೇಲಿ ನೀವು ಹೇಳ್ತೀರಲ್ವಾ?"

"ಹೇಳ್ತೀನಿ ದೊಡ್ಡಮ್ಮ."

"ಎಲ್ಲಾನೂ?"

"ಹೇಳ್ತೀನಿ ಅಂದ್ನಲ್ಲ." ನನ್ನ ದನಿ ಏರಿತು, ಒಂದು ಮಗು ಮಗ್ಗಲು ಬದಲಿಸಿತು. ಯಾಕೆ ರೇಗಿದೆನೋ. ಅವಳಿಗೆ ಇನ್ನು ಎರಡು ವರ್ಷ ಸರ್ವೀಸ್ ಇದೆ. ಈ ವಯಸ್ಸಿನಲ್ಲಿ ಕೆಟ್ಟ ಹೆಸರು ಹೊತ್ತು ಹೊರಗೆ ಹೋದರೆ ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

ಮಾರ್ಚ್ 14, ಗುರುವಾರ

ಹತ್ತು ನಿಮಿಷ ಬೇಕಿಲ್ಲ. ಮೂರು ವಾಕ್ಯ ಸಾಕು. 'ಮಗುವನ್ನು ಎತ್ತಿ ಕೂರಿಸಿದ್ದು ನಾನು. ಮರದ್ದಾಗಲಿ ದೊಡ್ಡಮ್ಮನದಾಗಲಿ ತಪ್ಪಿಲ್ಲ. ಅಂಗಳದ ಬೀಗ ತೆಗೆಯಿರಿ.' ನಾನು ಹೊರಗೆ ಹೋಗಬೇಕಾಗಬಹುದು. ಮರ ಉಳಿಯುತ್ತದೆ.

ಮನೆಯಲ್ಲಿ ಇವರಿಗೆ ಎಲ್ಲ ಹೇಳಿದೆ. "ಹೇಳ್ಬಿಡು, ಹೋದ್ರೆ ಹೋಗ್ಲಿ ಕೆಲಸ, ನಾನಿದ್ದೀನಲ್ಲ" ಎಂದರು. ಚಹಾ ಕುಡಿದು ಲೋಟ ಕೆಳಗಿಟ್ಟು, "ಆದ್ರೂ ನೋಡ್ಕೊಂಡು ಹೇಳು" ಎಂದರು. ಎರಡನ್ನೂ ಒಂದೇ ಲೋಟ ಚಹಾದಲ್ಲಿ ಹೇಳಿ ಮುಗಿಸುವುದು ನಮ್ಮವರಿಂದ ಮಾತ್ರ ಸಾಧ್ಯ.

ನಾಳೆ ಹೇಳುತ್ತೇನೆ.

ಮಾರ್ಚ್ 15, ಶುಕ್ರವಾರ

ಐದು ಜನ, ಒಂದು ತಟ್ಟೆ ಬಿಸ್ಕತ್ತು. ಅಧ್ಯಕ್ಷರು ನಿವೃತ್ತ ಇಂಜಿನಿಯರು, ಮೊದಲು ಬಿಸ್ಕತ್ತು ಮುರಿದು ಪರೀಕ್ಷಿಸಿ ಆಮೇಲೆ ತಿನ್ನುವವರು. ಹೆಡ್ ಮೇಡಂ ಇರುವೆಯ ಅಪ್ಪನ ಕಾಗದ ಓದಿದರು. ಅರ್ಧ ಪುಟ ಇತ್ತು. 'ನನ್ನ ಮಗಳು ಅದೇ ಮರವನ್ನು ತಾನೇ ಹತ್ತಿ ತಾನೇ ಇಳಿಯಬೇಕು. ದಯವಿಟ್ಟು ಮರ ಇರಲಿ' ಎಂದು ಮುಗಿಯುತ್ತಿತ್ತು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಮಗುವಿನ ತಂದೆಯೇ ಹೀಗಂದ್ಮೇಲೆ ನಾವ್ಯಾಕೆ ಹಟ ಮಾಡ್ಬೇಕು? ಮರ ಸರಿಯಾಗಿದ್ರೆ ಇರ್ಲಿ, ಹೊರಗಿನ ತರಗತೀನೂ ನಡೀಲಿ. ಹಾಗಾದ್ರೆ ನೋಡ್ಕೊಳ್ಳೋರದ್ದು ತಪ್ಪು ಅಂತಾಯ್ತು. ಆಯಮ್ಮ, ನೀವು ಆಗ ಎಲ್ಲಿದ್ರಿ?"

"ಒಳಗಿದ್ದೆ" ಎಂದಳು ದೊಡ್ಡಮ್ಮ.

"ಯಾಕೆ?"

"ಟೀಚರನ್ನೇ ಕೇಳಿ."

ಐದು ಮುಖ ನನ್ನ ಕಡೆ ತಿರುಗಿದವು. ದೊಡ್ಡಮ್ಮ ಮಾತ್ರ ನೆಲ ನೋಡುತ್ತಿದ್ದಳು. ನನಗೆ ನಾಚಿಕೆಯಾಗದಿರಲಿ ಎಂದು ನೋಡಲಿಲ್ಲವೋ ಏನೋ.

"ಇವಳದ್ದೇನೂ ತಪ್ಪಿಲ್ಲ ಸಾರ್. ಒದ್ದೆ ಬಟ್ಟೆ ತರೋಕೆ ನಾನೇ ಕಳಿಸಿದ್ದೆ" ಎಂದೆ. ಅಲ್ಲಿಯವರೆಗೆ ಎಲ್ಲ ನಿಜ.

"ಅಂದ್ರೆ ಮರದ ಹತ್ರ ಇದ್ದೋರು ನೀವು. ಮಗು ಹೇಗೆ ಬಿತ್ತು?"

ಮೂರು ವಾಕ್ಯವೂ ನಾಲಿಗೆಯ ತುದಿಯಲ್ಲಿದ್ದವು. ಮೊದಲನೆಯದನ್ನು ಶುರು ಮಾಡಲು ಬಾಯಿ ತೆರೆದೆ. ಹೆಡ್ ಮೇಡಂ, ನನ್ನ ಕೈಕೆಳಗೆ ಕಲಿತವರು, ನನ್ನನ್ನೇ ನೋಡುತ್ತಿದ್ದರು. ಜೇಬು ಹರಿಯುವಷ್ಟು ಕಲ್ಲು ಹೊರಿಸಿದ್ದೆ ಅವರಿಗೆ.

"ಕೊಂಬೆ ಜಾರ್ತಿತ್ತು ಸಾರ್. ಹಣ್ಣಿನ ಕಾಲ. ಆ ಎರಡನೇ ಕವಲು ಮೊದಲಿಂದಾನೂ ಅಪಾಯದ್ದೇ" ಎಂದೆ.

"ನೋಡಿ, ಹತ್ತೊಂಬತ್ತು ವರ್ಷ ಅನುಭವ ಇರೋರೇ ಹೇಳ್ತಿದ್ದಾರೆ" ಎಂದರು ಹೆಡ್ ಮೇಡಂ. ಎಲ್ಲರ ಹೆಗಲ ಭಾರ ಇಳಿದಂತೆ ಕಂಡಿತು. ಯಾರನ್ನೂ ಕೆಲಸದಿಂದ ತೆಗೆಯಬೇಕಿಲ್ಲ, ಯಾರ ಜೊತೆಗೂ ಮುಖ ಕೆಡಿಸಿಕೊಳ್ಳಬೇಕಿಲ್ಲ. "ಮರ ತಾನೆ, ತೆಗೆಸಿದ್ರಾಯ್ತು. ಆ ಜಾಗಕ್ಕೆ ರಬ್ಬರ್ ಹಾಸು ಹಾಕ್ಸೋಣ" ಎಂದು ಅಧ್ಯಕ್ಷರು ಸಹಿ ಹಾಕಿದರು. ನನ್ನ ಹತ್ತು ನಿಮಿಷದಲ್ಲಿ ಎಂಟು ಉಳಿದಿತ್ತು.

ದೊಡ್ಡಮ್ಮನ ಕೆಲಸ ಉಳಿಯಿತು. ಅದೇ ಮುಖ್ಯ. ಮರ ಇವತ್ತಲ್ಲ ನಾಳೆ ಹೇಗೂ ಹೋಗುತ್ತಿತ್ತು, ಪೋಷಕರು ಬಿಡುತ್ತಿರಲಿಲ್ಲ.

ಹೊರಡುವಾಗ ಅವಳು "ಬರ್ತೀನಿ ಮೇಡಂ" ಎಂದಳು. ಹತ್ತೊಂಬತ್ತು ವರ್ಷದಿಂದ ಟೀಚರೇ ಎನ್ನುತ್ತಿದ್ದವಳು. ಆಯಾಸವಾಗಿತ್ತೇನೋ.

ಮಾರ್ಚ್ 16, ಶನಿವಾರ

ಬರೆಯುವಂಥದ್ದೇನೂ ಇಲ್ಲ.

ಮಾರ್ಚ್ 23, ಶನಿವಾರ

ಮಕ್ಕಳಿಗೆ ರಜೆ ಕೊಟ್ಟು ಮರ ಕಡಿಸಿದರು. ನಾನು ಹೋಗಬೇಕಾಗಿರಲಿಲ್ಲ. ಹೋದೆ.

ಗರಗಸದವನು ಮೊದಲು ಕೊಡಲಿಯ ಹಿಂಬದಿಯಿಂದ ಬುಡಕ್ಕೆ ನಾಲ್ಕು ಬಾರಿ ಬಡಿದು ಕಿವಿಗೊಟ್ಟ. "ಎಲ್ಲೂ ಪೊಳ್ಳಿಲ್ಲ. ಕಲ್ಲಿನಂಥಾ ಮರ. ಯಾಕಮ್ಮ ಕಡಿಸ್ತಿದ್ದೀರಾ?"

"ಅಪಾಯ" ಎಂದರು ಹೆಡ್ ಮೇಡಂ.

"ಯಾರಿಗೆ?" ಎಂದ. ಹೆಡ್ ಮೇಡಂ ಫೋನು ನೋಡತೊಡಗಿದರು, ಅವನು ಗರಗಸ ಚಾಲೂ ಮಾಡಿದ.

ಎರಡನೆಯ ಕವಲು ನೆಲಕ್ಕೆ ಬಿದ್ದಾಗ ಹತ್ತಿರ ಹೋಗಿ ನೋಡಿದೆ. ಹತ್ತೊಂಬತ್ತು ವರ್ಷದಿಂದ ಮಕ್ಕಳು ಕೂತು ಕೂತು ತೊಗಟೆ ನುಣ್ಣಗಾಗಿತ್ತು, ಆದರೆ ಜಾರುವಂತಿರಲಿಲ್ಲ. ಕೈಯಿಟ್ಟು ನೋಡಿದೆ. ಒಂದು ಚೂರೂ ಜಾರಲಿಲ್ಲ.

"ಈ ಡಬ್ಬಿ ಬೇಕಾ?" ಎಂದು ಅವನು ತಗಡಿನ ಡಬ್ಬಿ ಬಿಚ್ಚಿ ಕೊಟ್ಟ. ಕಲ್ಲುಗಳನ್ನು ಅಲ್ಲೇ ಸುರಿದೆ, ಹಾಸು ಹಾಕುವವರು ಜಲ್ಲಿಯ ಜೊತೆ ತುಂಬಿಕೊಳ್ಳುತ್ತಾರೆ. ಖಾಲಿ ಡಬ್ಬಿ ಮನೆಗೆ ತಂದೆ. ದೊಡ್ಡಮ್ಮ ಇವತ್ತು ರಜೆ ಹಾಕಿದ್ದಳು.

ಏಪ್ರಿಲ್ 2, ಮಂಗಳವಾರ

ಅಂಗಳ ತೆರೆದಿದೆ. ಕೆಂಪು, ನೀಲಿ ರಬ್ಬರ್ ಹಾಸು, ಗೋಡೆಯಿಂದ ಗೋಡೆಗೆ. ಮಧ್ಯದಲ್ಲಿ ಮೂರು ಅಡಿಯ ಪ್ಲಾಸ್ಟಿಕ್ ಜಾರುಬಂಡೆ. ಒಪ್ಪಬೇಕಾದ್ದನ್ನು ಒಪ್ಪಬೇಕು, ಹಾಸು ಚೆನ್ನಾಗಿದೆ. ಕೆಸರಿಲ್ಲ, ಬಟ್ಟೆಗೆ ಕಲೆಯಿಲ್ಲ, ಪೋಷಕರ ದೂರಿಲ್ಲ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಒಬ್ಬರಾದ ಮೇಲೆ ಒಬ್ಬರನ್ನು ಕೈ ಹಿಡಿದು ಜಾರಿಸುತ್ತೇವೆ. ಎರಡು ಸುತ್ತು ಆಗುವಷ್ಟರಲ್ಲಿ "ಒಳಗೆ ಹೋಗೋಣ ಟೀಚರ್" ಎನ್ನುತ್ತಾರೆ. ಬಿಸಿಲು ಜಾಸ್ತಿ, ಅದಕ್ಕಿರಬೇಕು.

ಸುತ್ತಿಗೆ ಮೂಲೆಯನ್ನೂ ತೆಗೆಸಿದೆ. ಸಮಿತಿ ಹೇಳಿರಲಿಲ್ಲ. ಒಂದು ಬೆರಳಿಗೆ ಏಟಾದರೆ ಮತ್ತೆ ಯಾರು ಉತ್ತರ ಕೊಡುವುದು? ಮೊಳೆಗಳನ್ನೆಲ್ಲ ಮನೆಗೆ ತಂದೆ.

ಕರಪತ್ರ ಅಚ್ಚಾಗಿ ಬಂದಿದೆ. ಮುಖಪುಟದಲ್ಲಿ ಇರುವೆ ನಗುತ್ತಿದ್ದಾಳೆ. ಮರವನ್ನು ಕಂಪ್ಯೂಟರಿನಲ್ಲಿ ಅಳಿಸಿ ಹಿಂದೆ ನೀಲಿ ಆಕಾಶ ಹಾಕಿದ್ದಾರೆ. ಮಗು ಯಾವುದರ ಮೇಲೂ ಕೂತಿಲ್ಲ, ಸುಮ್ಮನೆ ಆಕಾಶದಲ್ಲಿ ತೇಲುತ್ತಿದೆ. ಕೆಳಗೆ ದಪ್ಪಕ್ಷರದಲ್ಲಿ 'ನಿಮ್ಮ ಮಗು, ನಮ್ಮ ಹೊಣೆ'. ನೋಡಿ ನಗು ಬಂತು. ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ಇವರು ಬಲ್ಬು ಹಾಕಲು ಕುರ್ಚಿ ಹತ್ತಿದರು. ನಾನು ಓಡಿಹೋಗಿ ಕುರ್ಚಿ ಹಿಡಿದುಕೊಂಡೆ. "ಇದೇನೇ ಹೊಸದು? ಹಿಂದೆ ಮಾಳಿಗೆ ಅಂಚಲ್ಲಿ ನಿಂತಿದ್ರೂ ತಿರುಗಿ ನೋಡ್ತಿರ್ಲಿಲ್ಲ" ಎಂದು ನಕ್ಕರು. ಕುರ್ಚಿಯ ಒಂದು ಕಾಲು ಗಿಡ್ಡ, ಅದಕ್ಕೇ ಹಿಡಿದದ್ದು.

ಏಪ್ರಿಲ್ 17, ಬುಧವಾರ

ಇರುವೆ ಬಂದಳು. ಪ್ಲಾಸ್ಟರ್ ತೆಗೆದ ಕೈ ಇನ್ನೊಂದಕ್ಕಿಂತ ಸಣಕಲಾಗಿದೆ, ಬೆಳ್ಳಗಾಗಿದೆ. ಅವಳ ಅಪ್ಪ ಗೇಟಿನ ಸರಳು ಹಿಡಿದು ಅಂಗಳ ನೋಡಿದರು.

"ಕಡಿದೇಬಿಟ್ರಾ."

"ಸಮಿತಿ ತೀರ್ಮಾನ" ಎಂದೆ.

"ನನ್ನ ಕಾಗದ ತಲುಪ್ಲಿಲ್ವಾ?"

"ತಲುಪಿತ್ತು. ಎಲ್ಲರ ಮುಂದೆ ಓದಿದ್ರು."

ಅವರು ಮಗಳ ನೆತ್ತಿ ಸವರಿ ಹೊರಟರು. ಆ ಮನುಷ್ಯ ಒಂದು ಸಲ ಬೈದಿದ್ದರೆ ಚೆನ್ನಾಗಿತ್ತು.

ಅಂಗಳದಲ್ಲಿ ಇರುವೆ ಮರವಿದ್ದ ಜಾಗವನ್ನು ಕಾಲಿನಿಂದ ಒತ್ತಿ ನೋಡಿದಳು. ಅಲ್ಲಿ ಹಾಸು ಸ್ವಲ್ಪ ಉಬ್ಬಿದೆ.

"ನಾನು ಬಿದ್ದಿದ್ದಕ್ಕಾ ಟೀಚರ್?"

"ಅಲ್ಲ ಪುಟ್ಟಿ. ಮರಕ್ಕೆ ವಯಸ್ಸಾಗಿತ್ತು."

ಅವಳು ಸುತ್ತ ನೋಡಿ, ನನ್ನ ಏಪ್ರನ್ ಎಳೆದು ಬಗ್ಗಿಸಿ ಕಿವಿಯಲ್ಲಿ ಹೇಳಿದಳು. "ನೀವು ಎತ್ತಿದ್ದು ನಾನು ಯಾರಿಗೂ ಹೇಳಿಲ್ಲ. ಅಪ್ಪಂಗೂ ಹೇಳಿಲ್ಲ. ಹೇಳಿದ್ರೆ ಎಲ್ರೂ ನಿಮಗೆ ಕಲ್ಲು ಕೊಡ್ತಾರಲ್ಲ."

ಆರು ವಾರ ಈ ಮಗು ಬಾಯಿ ಕಟ್ಟಿಕೊಂಡು ಕೂತಿತ್ತು. "ಬಾ, ಜಾರುಬಂಡೆ ಆಡು" ಎಂದೆ.

ಮೂರು ಮೆಟ್ಟಿಲಿದೆ ಅದಕ್ಕೆ. ಅವಳು ಮೊದಲ ಮೆಟ್ಟಿಲ ಎದುರು ನಿಂತು ಕಾಲೆತ್ತಲಿಲ್ಲ. ನನ್ನ ಕಡೆ ತಿರುಗಿ ಎರಡೂ ಕೈ ಮೇಲೆ ಮಾಡಿದಳು, ಸಣ್ಣ ಕೂಸಿನ ಹಾಗೆ. "ಎತ್ತಿ ಟೀಚರ್."

ಎತ್ತಿ ಮೇಲೆ ಕೂರಿಸಿದೆ. ಹಗುರಾಗಿದ್ದಾಳೆ. "ಹುಷಾರು ಪುಟ್ಟಿ, ಗಟ್ಟಿಯಾಗಿ ಹಿಡ್ಕೋ" ಎಂದೆ.

ಅವಳು ಜಾರಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆ ಕಡೆ ಬಟ್ಟೆ ಒಣಹಾಕುತ್ತಿದ್ದ ದೊಡ್ಡಮ್ಮನೂ ತಿರುಗಿ ನೋಡಿದಳು. ಇಬ್ಬರೂ ಯಾಕೆ ಹಾಗೆ ನೋಡುತ್ತಿದ್ದಾರೆಂದು ನನಗೆ ಅರ್ಥವಾಗಲಿಲ್ಲ.

"ಒಂದು ಕಲ್ಲು, ಟೀಚರ್" ಎಂದಳು ಇರುವೆ.

"ಯಾಕೆ?"

"ನೀವು ಅಂದ್ರಲ್ಲ, ಆ ಮಾತು."

ಜಾರಿ ಇಳಿದು ಕಲ್ಲು ಹುಡುಕಲು ಹೊರಟಳು. ಹಾಸಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಗ್ಗಿ ಬಗ್ಗಿ ನೋಡಿದಳು, ಗೋಡೆಯ ಬದಿಯ ಸಂದಿಗೆ ಬೆರಳು ತೂರಿಸಿದಳು. ಉಳಿದ ಮಕ್ಕಳೂ ಸೇರಿಕೊಂಡರು. ಅಷ್ಟೂ ಮಕ್ಕಳು ಹುಡುಕಿದರೂ ಇಡೀ ಅಂಗಳದಲ್ಲಿ ಒಂದು ಕಲ್ಲು ಸಿಗಲಿಲ್ಲ.

ಕೊನೆಗೆ ಅವಳು ಆ ಸಣಕಲು ಕೈಯನ್ನು ಮುಷ್ಟಿ ಮಾಡಿಕೊಂಡು ಬಂದಳು. ನನ್ನ ಅಂಗೈ ಮೇಲೆ ಮುಷ್ಟಿ ಬಿಚ್ಚಿ, ಏನೂ ಇಲ್ಲದ್ದನ್ನು ಜೋಪಾನವಾಗಿ ಇಟ್ಟು, ನನ್ನ ಬೆರಳುಗಳನ್ನು ತಾನೇ ಮಡಚಿದಳು. "ಇದೆ ಅಂತ ಅಂದ್ಕೊಳ್ಳಿ" ಎಂದಳು.

ಏಪ್ರನ್ ಜೇಬಿಗೆ ಹಾಕಿಕೊಂಡೆ. ಸಂಜೆಯವರೆಗೂ ಆ ಜೇಬಿಗೆ ಬೇರೇನೂ ಹಾಕಲಿಲ್ಲ. ಮನೆಗೆ ಬಂದು ಡಬ್ಬಿ ಹುಡುಕಿದೆ. ಇವರು ಅದರ ತುಂಬ ಮೊಳೆ ತುಂಬಿಸಿಟ್ಟಿದ್ದಾರೆ.